ಬಂದ್ ಮಾಡುವ ಡಬ್ಬಿ

ಎದುರಿಗೆ ನಾನು ನನ್ನ ಗಂಡನಿಗೆ ‘ರೀ’ ಎನ್ನುತ್ತೇನೆ, ‘ನೀವು’ ಎನ್ನುತ್ತೇನೆ. ಇಲ್ಲಿ ಹಾಗೆ ಬರೆಯುವುದಿಲ್ಲ. ಭಾಲ್ಕಿಯಲ್ಲಿ ನಡೆದದ್ದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ಆದ್ದರಿಂದ ಈ ಹಾಳೆಯ ಮೇಲೆ ಸತೀಶಕುಮಾರ ಬರೀ ‘ಅವನು’. ಓದಿ ಬೇಜಾರು ಮಾಡಿಕೊಂಡರೆ ಮಾಡಿಕೊಳ್ಳಲಿ.

ಜಗಳ ಶುರುವಾದದ್ದು ಒಂದು ಡಬ್ಬಿಯಿಂದ. ಬೀದರಿನ ಕೊಳಾರ ಇಂಡಸ್ಟ್ರಿಯಲ್ ಏರಿಯಾದಲ್ಲಿ ಖಾಸಿಂ ಅಲಿ ಉಸ್ತಾದರ ಗ್ಯಾರೇಜಿದೆ. ಅಲ್ಲಿ ಒಂದು ಜಪಾನಿ ಬೈಕು ಬಂದು ನಿಂತಿತ್ತು. ಸಾವಿರ ಸಿಸಿ, ನಾಲ್ಕು ಸಿಲಿಂಡರು, ರಾಕ್ಷಸ ಗಾಡಿ. ಗಾಂಧಿ ಗಂಜಿನ ತೊಗರಿ ವ್ಯಾಪಾರಿ ವೈಜಿನಾಥ ಸಾವಕಾರರು ಅದನ್ನು ಇನ್ಶೂರೆನ್ಸಿನವರ ಹರಾಜಿನಲ್ಲಿ ಹಿಡಿದಿದ್ದರು. ಬೈಕು ಬಂತು, ಅದರ ಕೀಲಿ ಬರಲಿಲ್ಲ. ಈಗಿನ ಗಾಡಿಗಳಲ್ಲಿ ಇಂಜಿನ್ನಿಗೆ ಎಷ್ಟು ಪೆಟ್ರೋಲು ಹೋಗಬೇಕು, ಯಾವ ಗಳಿಗೆಗೆ ಕಿಡಿ ಹಾರಬೇಕು ಎಂದು ಹೇಳುವುದು ಸೀಟಿನ ಕೆಳಗಿರುವ ಕಂಪ್ಯೂಟರ್ ಡಬ್ಬಿ. ಇಸಿಯು ಎನ್ನುತ್ತಾರೆ. ತನ್ನ ಸ್ವಂತ ಕೀಲಿಯನ್ನು ಕಾಣದೆ ಅದು ತುಟಿ ಬಿಚ್ಚುವುದಿಲ್ಲ. ಹಾಗಾಗಿ ಕಂಪನಿಯ ಡಬ್ಬಿಯನ್ನು ಕಿತ್ತು ಬಿಸಾಡಿ, ನಾವೇ ಪಾಠ ಕಲಿಸಿ ಕೂರಿಸಬಹುದಾದ ಬೇರೊಂದು ಇಸಿಯು ತರಬೇಕಿತ್ತು. ಯಾವುದನ್ನು ತರಬೇಕು? ಇಷ್ಟೇ ಪ್ರಶ್ನೆ.

ದುಡ್ಡು ಸಾವಕಾರರದು. ಇಂಜಿನ್ ಬಿಚ್ಚಿ ಕಟ್ಟಿದವರು ಉಸ್ತಾದರು. ಓಡಿಸುವವನು ನನ್ನ ಗಂಡ. ವೈರಿಂಗು, ಲ್ಯಾಪ್‌ಟಾಪು, ಇಂಜಿನ್ನಿನ ಹದ ಕೂರಿಸುವುದು ನನ್ನ ಕೆಲಸ. ನಾನು ಸಿದ್ದೇಶ್ವರಿ. ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಾನಿಕ್ಸ್ ಕಲಿತು ಕೊಳಾರದ ಒಂದು ಫ್ಯಾಕ್ಟರಿಯಲ್ಲಿ ಕಂಟ್ರೋಲ್ ಪ್ಯಾನೆಲ್ಲುಗಳಿಗೆ ವೈರು ಕಟ್ಟುತ್ತೇನೆ. ಸಂಜೆ, ರಜಾ ದಿನ, ಉಸ್ತಾದರ ಗ್ಯಾರೇಜು. ಬೀದರಿನಲ್ಲಿ ಬೇರೆ ಯಾವ ಗ್ಯಾರೇಜಿನವರೂ ಹೆಣ್ಣುಮಗಳನ್ನು ಒಳಗೆ ಬಿಡದಿದ್ದಾಗ ಖಾಸಿಂ ಅಲಿ ಉಸ್ತಾದರು ಸ್ಟೂಲು ಸರಿಸಿ, “ಕುಂದರು ಬೇಟಿ, ಪ್ಲಗ್ ಸಾಫ್ ಮಾಡು” ಎಂದಿದ್ದರು. ಆ ಋಣ ನನಗೆ ಗೊತ್ತಿದೆ. ಗೊತ್ತಿರುವುದರಿಂದಲೇ ಇಷ್ಟು ಸಿಟ್ಟು.

ಭಾನುವಾರ ಮಧ್ಯಾಹ್ನ ನಾಲ್ವರೂ ಗ್ಯಾರೇಜಿನಲ್ಲಿ ಸೇರಿದೆವು. ಸಾವಕಾರರಿಗೆ ಕುರ್ಚಿ, ಉಸ್ತಾದರಿಗೆ ಅವರ ಸ್ಟೂಲು, ಸತೀಶನಿಗೆ ಹಳೆಯ ಲಾರಿ ಟಯರು. ನಾನು ನಿಂತೇ ಮಾತಾಡಿದೆ. ಕೂತುಕೋ ಎಂದು ಅವತ್ತು ಯಾರೂ ಅನ್ನಲಿಲ್ಲ.

ನಮ್ಮ ಕೈಗೆ ಎಟುಕುವಂಥವು ಎರಡೇ ಇದ್ದವು. ಒಂದು ಕೆಂಪು ಡಬ್ಬಿ. ಅದಕ್ಕೆ ಬಣ್ಣಬಣ್ಣದ ಸ್ಕ್ರೀನು, ಮೊಬೈಲಿಗೆ ಜೋಡಿಸುವ ಸೌಕರ್ಯ, ಹೊರಡುವಾಗ ಮುಂದಿನ ಚಕ್ರ ಏಳದಂತೆ ಹಿಡಿಯುವ ಉಪಾಯ, ಎಲ್ಲ ಇತ್ತು. ಆದರೆ ಅದರ ಒಳಗಿನ ಲೆಕ್ಕವೆಲ್ಲ ಮಾರುವವನ ಪಾಸ್‌ವರ್ಡಿನ ಹಿಂದೆ. ಏನಾದರೂ ತಿದ್ದಬೇಕೆಂದರೆ ಅವನಿಗೆ ಫೋನು, ಅವನಿಗೆ ಕೈಮುಗಿಯುವುದು. ಇನ್ನೊಂದು ಕಪ್ಪು ಡಬ್ಬಿ. ಸ್ಕ್ರೀನಿಲ್ಲ, ಚಂದವಿಲ್ಲ, ನೋಡಿದರೆ ಯಾವುದೋ ಬೋರ್‌ವೆಲ್ಲಿನ ಸ್ಟಾರ್ಟರಿನಿಂದ ಕಿತ್ತ ಹಾಗಿತ್ತು. ಆದರೆ ಪಾಸ್‌ವರ್ಡು ನಮ್ಮದು. ಆಯಿಲ್ ಪ್ರೆಶರು, ಪೆಟ್ರೋಲ್ ಪ್ರೆಶರು, ಸೈಲೆನ್ಸರಿನ ಹೊಗೆಯ ಹದ, ಮೂರನ್ನೂ ಅದು ಸದಾ ನೋಡುತ್ತಿರುತ್ತದೆ. ಒಂದು ಕೈಕೊಟ್ಟರೂ ಯಾರನ್ನೂ ಕೇಳದೆ ಇಂಜಿನ್ ಬಂದ್ ಮಾಡುತ್ತದೆ.

ನನಗೆ ಬೇಕಾದದ್ದು ಆ ಬಂದ್ ಮಾಡುವ ಗುಣವೇ. ಯಾಕೆ ಎಂದು ಅವರಿಗೆ ಬಿಡಿಸಿ ಹೇಳಿದೆ. ಎಕ್ಸಲರೇಟರು ಪೂರ್ತಿ ತಿರುವಿದಾಗ ಪೆಟ್ರೋಲು ಕಡಿಮೆ ಬಿತ್ತೆಂದರೆ ಇಂಜಿನ್ ಒಳಗೆ ಉರಿ ಏರುತ್ತದೆ, ಪಿಸ್ಟನ್ನು ಕರಗುತ್ತದೆ, ಹಿಂದಿನ ಚಕ್ರ ಇದ್ದಲ್ಲೇ ಹಿಡಿದುಕೊಳ್ಳುತ್ತದೆ. ಆ ವೇಗದಲ್ಲಿ ಚಕ್ರ ಹಿಡಿದುಕೊಂಡರೆ ಮೇಲಿರುವವನ ಗತಿ ಏನು? ಸತೀಶನ ಗೆಳೆಯ ಅಖೀಲನಿಗೆ ಹುಮನಾಬಾದ್ ರಸ್ತೆಯಲ್ಲಿ ಹಾಗೇ ಆಗಿತ್ತು. ಅವನ ಬೆನ್ನಿನ ಚರ್ಮ ಡಾಂಬರಿಗೆ ಅಂಟಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಈಗ ತೊಡೆಯಲ್ಲಿ ರಾಡು ಹಾಕಿಸಿಕೊಂಡು ಕಾಲೆಳೆಯುತ್ತ ಓಡಾಡುತ್ತಾನೆ. ಬದುಕಿದ್ದಾನೆ ಎನ್ನುವುದೇ ದೊಡ್ಡದು.

“ಬಂದ್ ಆಗ್ತದಂದ್ರ?” ಎಂದು ಸತೀಶ ಕೇಳಿದ. “ಪೂರಾ ಬಂದ್?”

“ಪೂರಾ. ನೀವು ಕ್ಲಚ್ ಹಿಡದು ಹಂಗೇ ಉರುಳಿಕೋತ ಹೋಗಿ ನಿಲ್ತೀರಿ.”

“ಅಷ್ಟ್ ಮಂದಿ ಎದುರಿಗಿ?”

“ಅಷ್ಟ್ ಮಂದಿ ಎದುರಿಗೇ. ಜೀವಂತ.”

ಅವನು ಮುಖ ತಿರುಗಿಸಿದ. ಸಾವಕಾರರು ಮೊಬೈಲಿನಲ್ಲಿ ಕೆಂಪು ಡಬ್ಬಿಯ ಚಿತ್ರವನ್ನು ದೊಡ್ಡದು ಮಾಡಿ ನನ್ನ ಮುಂದೆ ಹಿಡಿದರು.

“ನೋಡ ತಂಗಿ, ಇದ್ಹ್ಯಾಂಗ ಛಂದ ಅದ. ಹೈದ್ರಾಬಾದ್ ಮಂದಿ ಬರ್ತಾರ, ಲಾತೂರ್ ಮಂದಿ ಬರ್ತಾರ. ಅವ್ರಿಗಿ ನಾ ಏನ್ ತೋರಸ್ಲಿ? ನಿನ್ನ ಈ ಕರಿ ಇಟ್ಟಂಗಿ ತೋರಸ್ಲೇನು?”

“ಗಾಡಿ ತೋರಸ್ರಿ ಸಾವಕಾರ್ರ. ಡಬ್ಬಿ ಸೀಟಿನ ಬುಡಕ ಇರ್ತದರಿ.”

ಇವರಿಬ್ಬರ ಮಾತಿನಿಂದ ನನಗೇನೂ ಆಗಿರಲಿಲ್ಲ. ಒಬ್ಬನಿಗೆ ಮಂದಿಯ ಭಯ, ಇನ್ನೊಬ್ಬರಿಗೆ ಮೆರೆಯುವ ಚಟ. ಮಾತಿಗೆ ಮಾತು ಕೊಡಬಹುದಿತ್ತು. ಆಗ ಉಸ್ತಾದರು ಅಡಿಕೆ ಚೂರನ್ನು ಬಾಯಿಂದ ತೆಗೆದು ಹೊರಗೆ ಎಸೆದು ನನ್ನನ್ನು ನೋಡಿದರು.

“ಬೇಟಿ, ಪೆಟ್ರೋಲ್ ಪ್ರೆಶರ್ ಯಾಕ ಕಮ್ಮಿ ಆಗ್ತದ? ಇಂಜಿನ್ ನಾ ಕಟ್ಟೀನಿ. ಪಂಪ್ ನಾ ಕುಂದ್ರಸೀನಿ, ಪೈಪ್ ನಾ ಹಾಕೀನಿ. ನನ್ನ ಕೈ ಮ್ಯಾಲ ಪಹರಾ ಇಡ್ತಿಯೇನು?”

“ಹಂಗಲ್ಲ ಉಸ್ತಾದ್. ಫಿಲ್ಟರಿನ್ಯಾಗ ಕಸಾ ಬೀಳ್ತದ, ಪಂಪ್ ಬಿಸಿ ಆಗ್ತದ…”

“ಎಂದಾದ್ರೂ ಬಿದ್ದದೇನು, ನನ್ನ ಗಾಡ್ಯಾಗ ಕಸಾ?”

ಅವರಿಗೆ ಎದುರು ಮಾತಾಡಲು ನನಗೆ ನಾಲಗೆ ಬರುವುದಿಲ್ಲ. ಆ ಸಿಟ್ಟನ್ನೆಲ್ಲ ಒಟ್ಟು ಮಾಡಿ ಗಂಡನ ಮೇಲೆ ಎಸೆದೆ. “ಕೆಂಪಂದು ತಂದ್ರ ಒಂದ್ ವೈರ್ ಸೈತ ಮುಟ್ಟಂಗಿಲ್ಲ ನಾ. ಯಾರ ಕಡಿಂದ ಕಟ್ಟಸ್ಕೋತೀರೋ ಕಟ್ಟಸ್ಕೋರಿ” ಎಂದು ಹೇಳಿ ಟಿಫಿನ್ ಡಬ್ಬಿ ತೆಗೆದುಕೊಂಡು ಮನೆಗೆ ನಡೆದೆ.

ವೈರು ಕಟ್ಟುವವರಿಗಾಗಿ ಅವರು ಹೈದರಾಬಾದಿನಲ್ಲಿ ಕೇಳಿದರು, ಪುಣೆಯಲ್ಲಿ ಕೇಳಿದರು. ಗಾಡಿ ಬಿಟ್ಟು ಹೋಗಿ, ನಮ್ಮ ಸರದಿ ಬಂದಾಗ ನೋಡುತ್ತೇವೆ ಎಂದರಂತೆ ಎಲ್ಲರೂ. ಭಾಲ್ಕಿಯ ಓಟ ಹತ್ತಿರ ಬಂದಿತ್ತು. ಊರ ಹೊರಗೆ ಯಾವುದೋ ಕಾರ್ಖಾನೆ ಬರುತ್ತದೆಂದು ಉದ್ದಕ್ಕೆ ಕಾಂಕ್ರೀಟ್ ರಸ್ತೆ ಹಾಕಿದ್ದರು. ಕಾರ್ಖಾನೆ ಬರಲಿಲ್ಲ, ರಸ್ತೆ ಉಳಿಯಿತು. ಬೈಕ್ ಕ್ಲಬ್ಬಿನವರು ಜಾಗದ ಮಾಲೀಕರ ಒಪ್ಪಿಗೆ ಪಡೆದು, ಆಂಬುಲೆನ್ಸು ನಿಲ್ಲಿಸಿಕೊಂಡು, ಅಲ್ಲಿ ಒಬ್ಬೊಬ್ಬರಾಗಿ ನೇರ ಓಟ ಇಟ್ಟಿದ್ದರು. ಕಡೆಗೆ ಕಪ್ಪು ಡಬ್ಬಿಯೇ ಬಂತು. ಸಾವಕಾರರು ಅದನ್ನು ನನ್ನ ಕೈಗೆ ಕೊಡುವಾಗ ಮೈಲಿಗೆಯ ವಸ್ತುವನ್ನು ಕೊಡುವವರ ಹಾಗೆ ಎರಡು ಬೆರಳಲ್ಲಿ ಹಿಡಿದಿದ್ದರು.

ಗೆದ್ದೆನೆಂದುಕೊಂಡೆ. ನನ್ನ ಬುದ್ಧಿಗಿಷ್ಟು ಬೆಂಕಿ ಬೀಳಲಿ. ಡಬ್ಬಿ ಕೂರಿಸಿ, ವೈರು ಎಳೆದು, ಮೊದಲ ಸಲ ಇಂಜಿನ್ ಎದ್ದಾಗ ನನ್ನ ಕಣ್ಣಲ್ಲಿ ನೀರು ಬಂದಿತ್ತು. ನಾಲ್ಕೂ ಸಿಲಿಂಡರು ಒಂದೇ ಉಸಿರಿನಲ್ಲಿ ಗುಡುಗಿದವು. ಮನೆಗೆ ಬಂದು ಕೈ ತೊಳೆಯುವ ಮೊದಲೇ ಸತೀಶ ಶುರುವಿಟ್ಟುಕೊಂಡ.

“ಅದೊಂದ್ ದಿನ ಡಬ್ಬಿ ಪಹರಾ ಬಂದ್ ಮಾಡಿಡು. ಓಟದ ದಿನ ಒಂದೇ ದಿನ. ನಡುವ ನಿಂತ್ರ ಊರಾಗ ಮಾರಿ ತೋರಸ್ಲಿಕ್ಕ ಬರಂಗಿಲ್ಲ ನಂಗ.”

“ಆಗಂಗಿಲ್ಲರಿ.”

“ಗಂಡನ ಮ್ಯಾಲಿಗಿಂತ ಡಬ್ಬಿ ಮ್ಯಾಲ ಭರೋಸಾ ಜಾಸ್ತಿ ಅದ ನಿಂಗ.”

“ಹೌದು” ಎಂದೆ. ಅವನು ಊಟದ ತಾಟು ಸರಿಸಿ ಎದ್ದು ಹೋದ. ಆಮೇಲೆ ಒಂದಷ್ಟು ದಿನ ಹೋಟೆಲಿನಲ್ಲೇ ಉಂಡ. ನಾನು ಅಡಿಗೆ ಮಾಡುವುದನ್ನು ಬಿಡಲಿಲ್ಲ. ಮಾಡಿ, ಅವನ ಪಾಲಿನದನ್ನು ಪಕ್ಕದ ಮನೆಯ ಮಹಮೂದಾ ಬೇಗಂ ಅವರ ಎಮ್ಮೆಗೆ ಹಾಕಿ ಬರುತ್ತಿದ್ದೆ. ಅವನಿಗೆ ಅದು ಗೊತ್ತಾಗಲಿ ಎಂದೇ ಹಾಕುತ್ತಿದ್ದೆ.

ಅವನು ತನ್ನ ತಾಯಿಯ ಮಾತನ್ನು ಮೀರುವವನಲ್ಲ. ಅದಕ್ಕೆ ರಜೆ ಹಾಕಿ ಔರಾದ್ ಬಸ್ಸು ಹತ್ತಿದೆ. ಅತ್ತೆ ಸಖುಬಾಯಿ ಊರ ಹೊರಗೆ ಕುರಿದೊಡ್ಡಿಯಲ್ಲಿದ್ದರು. ಎಳೆಯ ಮರಿಯೊಂದಕ್ಕೆ ತಾಯಿಯ ಮೊಲೆ ಹಿಡಿಸುತ್ತ ಕೂತಿದ್ದರು. ನಾನು ಪಕ್ಕದಲ್ಲಿ ಕೂತು, ಬೈಕು ಎಂಥದು, ಡಬ್ಬಿ ಏನು ಮಾಡುತ್ತದೆ, ಅದನ್ನು ಬಂದ್ ಮಾಡಿಸಲು ಮಗ ಹೇಗೆ ಹಟ ಹಿಡಿದಿದ್ದಾನೆ, ಎಲ್ಲ ಹೇಳಿದೆ. ಅಖೀಲನ ತೊಡೆಯ ರಾಡನ್ನೂ ಬಿಡಲಿಲ್ಲ.

“ನೀವರೆ ಹೇಳ್ರಿ ಅತ್ತಿ. ಡಬ್ಬಿ ಇರ್ಲಿ ಅನ್ರಿ. ಜೀವ ಉಳಸ್ತದ ಅದು.”

ಅವರು ಮರಿಯನ್ನು ಕೆಳಗೆ ಬಿಟ್ಟರು. ನನ್ನ ಕಡೆ ನೋಡಿದ ನೋಟ ನನಗೆ ಇಷ್ಟವಾಗಲಿಲ್ಲ.

“ಅವ ಬೀಳ್ತಾನಂತ ನಿನಗ ಗೊತ್ತದ?”

“ಬೀಳಬಹುದರಿ.”

“ಗೊತ್ತಿದ್ದೂ ಗಾಡಿ ಬಿಡಸಲಿಲ್ಲ ನೀ. ಬಿಡಸೋದು ಬಿಟ್ಟು ಯಾವ ಡಬ್ಬಿ ಛಲೋ ಅಂತ ಆರಿಸ್ಲಿಕತ್ತಿ! ಹಿಂತಾಕಿ ನನ್ನ ಮುಂದ ಬಂದು ನನ್ನ ಮಗನ ಜೀವದ ಮಾತು ಆಡ್ತಿ. ಏಳು, ಬಸ್ ಹೋಗ್ತದ.”

ವಾಪಸು ಬರುವಾಗ ದಾರಿಯುದ್ದಕ್ಕೂ ಸಿಟ್ಟಿನಿಂದ ಅಳುತ್ತಲೇ ಬಂದೆ. ಪಕ್ಕದ ಸೀಟಿನ ಹೆಂಗಸು ಯಾರು ತೀರಿಕೊಂಡರು ಎಂದು ಕೇಳಿದಳು. ಅತ್ತೆ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ, ಆದರೆ ಅದು ನನ್ನ ಪೂರ್ತಿ ನಿಜವೂ ಅಲ್ಲ. ಆ ಬೈಕು ಓಡಬೇಕೆಂಬ ಆಸೆ ನನಗೂ ಇತ್ತು. ಅವನಿಗಿಂತ ಹೆಚ್ಚೇ ಇತ್ತೋ ಏನೋ. ಓಡಲಿ, ಎಲ್ಲರಿಗಿಂತ ಜೋರಾಗಿ ಓಡಲಿ, ಆದರೆ ಮೇಲೆ ಕೂತವನನ್ನು ಕೊಲ್ಲದಿರಲಿ. ಇಷ್ಟೇ ನಾನು ಕೇಳುತ್ತಿದ್ದದ್ದು. ಇಷ್ಟು ಸಣ್ಣದನ್ನು ಕೇಳಿದ್ದಕ್ಕೆ ಗಂಡನಿಗೆ ನಾನು ಹೇಡಿ, ಅತ್ತೆಗೆ ನಾನು ಕೊಲೆಗಡುಕಿ.

ಉಸ್ತಾದರ ಗ್ಯಾರೇಜಿನಲ್ಲಿ ಒಂದು ಪದ್ಧತಿಯಿದೆ. ಗಾಡಿ ಯಾರೇ ರಿಪೇರಿ ಮಾಡಿರಲಿ, ಹೊರಬೀಳುವ ಮೊದಲು ಕೊನೆಯ ತಿರುವು ಉಸ್ತಾದರದು. ಕೈ ಒರೆಸಿಕೊಂಡು, ಬಿಸ್ಮಿಲ್ಲಾ ಎಂದು, ಇಂಜಿನ್ನಿಗೆ ಕಿವಿ ಕೊಟ್ಟು, ಕಾರ್ಬುರೇಟರಿನ ಸ್ಕ್ರೂವನ್ನು ಒಂದಿಷ್ಟು ತಿರುವಿ, ಸದ್ದು ಇಂಪಾದ ಕೂಡಲೇ ಕೈ ತೆಗೆಯುತ್ತಾರೆ. ಬೀದರಿನಲ್ಲಿ ಹಳೆಯ ಗಾಡಿ ಮಾರುವವರು ಸಹ “ಉಸ್ತಾದರ ಹಾತ್ ಹತ್ತ್ಯದ”, ಅಂದರೆ ಅವರ ಕೈ ತಾಗಿದೆ, ಎಂದು ಹೇಳಿ ಮಾರುತ್ತಾರೆ. ಕಾರ್ಬುರೇಟರಿನ ಕಾಲಕ್ಕೆ ಅದು ಸರಿಯಾದ ಮಾತು. ಅವರ ಕಿವಿಯನ್ನು ನಾನು ಯಾವತ್ತೂ ಹೀಯಾಳಿಸಿಲ್ಲ. ಆದರೆ ಈ ಬೈಕಿಗೆ ಕಾರ್ಬುರೇಟರೇ ಇಲ್ಲ. ತಿರುವಲು ಸಿಗುವ ಒಂದೇ ಒಂದು ಸ್ಕ್ರೂ ಎಂದರೆ ಪೆಟ್ರೋಲ್ ಪ್ರೆಶರನ್ನು ಹಿಡಿದಿಡುವ ರೆಗ್ಯುಲೇಟರಿನ ತಲೆಯ ಮೇಲಿನದು. ನನ್ನ ಲೆಕ್ಕವೆಲ್ಲ ನಿಂತಿರುವುದು ಆ ಪ್ರೆಶರಿನ ಮೇಲೆ. ಅದನ್ನು ಸಡಿಲಿಸಿದರೆ, ನಿಂತಲ್ಲಿ ಇಂಜಿನ್ನಿನ ಸದ್ದು ಇಂಪಾಗುತ್ತದೆ. ಪೂರ್ತಿ ಎಕ್ಸಲರೇಟರು ತಿರುವಿದಾಗ ಮಾತ್ರ ಪ್ರೆಶರು ಕುಸಿದು ಪೆಟ್ರೋಲು ಸಾಲುವುದಿಲ್ಲ. ಸ್ಕ್ರೂ ಮತ್ತು ಅದರ ನಟ್ಟಿನ ಮೇಲೆ ಒಂದೇ ಗೆರೆ ಬರುವಂತೆ ನನ್ನ ಉಗುರುಬಣ್ಣ ಹಚ್ಚಿದ್ದೆ. ಯಾರಾದರೂ ಮುಟ್ಟಿದರೆ ಗೆರೆ ಒಡೆಯಬೇಕು.

ಓಟದ ಹಿಂದಿನ ದಿನ ಎಲ್ಲ ಸರಿಯಿದೆ ಎಂದು ನೋಡಿ ಲ್ಯಾಪ್‌ಟಾಪು ಮುಚ್ಚುವಾಗ ಉಸ್ತಾದರು ಸ್ಕ್ರೂಡ್ರೈವರ್ ಹಿಡಿದು ಬಂದರು. ಗ್ಯಾರೇಜಿನಲ್ಲಿ ಗಿರಾಕಿಗಳಿದ್ದರು.

“ಚಾಲೂ ಮಾಡು ಬೇಟಿ.”

“ಇದರಾಗ ತಿರವೋದು ಏನೂ ಇಲ್ಲ ಉಸ್ತಾದ್.”

“ಹಂಗಾದ್ರ ಇದೇನು?” ಅವರ ಬೆರಳು ನೇರ ರೆಗ್ಯುಲೇಟರಿನ ಮೇಲೆ ಹೋಯಿತು.

“ಅದು ಪ್ರೆಶರಿಂದು. ಕೈ ಮುಗೀತೇನಿ, ಅದನ್ನ ಮುಟ್ಟಬ್ಯಾಡ್ರಿ.”

ಅವರು ಸ್ಕ್ರೂಡ್ರೈವರನ್ನು ಜೇಬಿಗಿಟ್ಟುಕೊಂಡರು. ಬಂದ ಚಹಾ ಕುಡಿಯದೆ ಮನೆಗೆ ಹೋದರು. ಹಡೆದ ತಂದೆಯ ಕೆನ್ನೆಗೆ ನಾನು ಹೊಡೆದೆನೋ ಎನ್ನುವ ಹಾಗೆ ಅಲ್ಲಿದ್ದವರೆಲ್ಲ ನನ್ನನ್ನು ನೋಡಿದರು. ಸತೀಶ ಹಲ್ಲು ಕಚ್ಚಿ, “ಕಾಲಿಗಿ ಬೀಳಬೇಕಿತ್ತು ನೀ. ನನ್ನ ಗಾಡಿ ಅವರ ಹಾತ್ ಇಲ್ಲದೇ ಹೋಗಬೇಕೇನು?” ಎಂದ. ಗಾಡಿ ಅವನದಂತೆ.

ಮರುದಿನ ಬೆಳಿಗ್ಗೆ ಬೈಕನ್ನು ಸಣ್ಣ ಟೆಂಪೋದಲ್ಲಿ ಏರಿಸಿದರು. ಮುಂದೆ ಮೂರು ಜನ ಕೂರಬಹುದಿತ್ತು. ಸಾವಕಾರರು, ಉಸ್ತಾದರು, ಸತೀಶ. “ನೀ ಬಸ್ಸಿಗಿ ಬಾ” ಎಂದರು. ಆ ಬೈಕಿನ ಒಂದೊಂದು ವೈರೂ ನನ್ನ ಕೈಯಿಂದ ಹೋದದ್ದು, ನಾನು ಲ್ಯಾಪ್‌ಟಾಪಿನ ಚೀಲ ತೊಡೆಯ ಮೇಲಿಟ್ಟುಕೊಂಡು ಭಾಲ್ಕಿ ಬಸ್ಸಿನಲ್ಲಿ, ಟೊಮ್ಯಾಟೊ ಬುಟ್ಟಿಗಳ ನಡುವೆ ಹೋದೆ. ಬಸ್ ಸ್ಟ್ಯಾಂಡಿನಿಂದ ಆಟೋ ಹಿಡಿದು ಆ ಕಾಂಕ್ರೀಟ್ ರಸ್ತೆಗೆ ಮುಟ್ಟುವಷ್ಟರಲ್ಲಿ ಬಿಸಿಲು ಏರಿತ್ತು.

ಗೇಟಿನಲ್ಲೇ ನಮ್ಮ ಇಂಜಿನ್ನಿನ ಸದ್ದು ಕೇಳಿಸಿತು. ನಿನ್ನೆಯ ಸದ್ದಲ್ಲ ಅದು. ನಿನ್ನೆಗಿಂತ ಇಂಪಾಗಿತ್ತು.

ಓಡಿದೆ. ಕುಪ್ಪಸ ಬೆನ್ನಿಗೆ ಅಂಟಿಕೊಂಡಿತು. “ನಿಲ್ಲಸ್ರಿ, ನಿಲ್ಲಸ್ರಿ” ಎಂದು ಕೂಗಿದೆ. ಅಷ್ಟು ಸೈಲೆನ್ಸರುಗಳ ನಡುವೆ ಯಾರಿಗೆ ಕೇಳಬೇಕು? ಹಗ್ಗ ಕಟ್ಟಿದ ಜಾಗಕ್ಕೆ ನಾನು ತಲುಪುವ ಹೊತ್ತಿಗೆ ಬಾವುಟ ಬಿದ್ದಿತ್ತು, ಸತೀಶ ಹೊರಟಿದ್ದ. ಬೈಕಿನ ಮೇಲೆ ಬಗ್ಗಿ ಓಡಿಸಿದ. ಗೇರು ಏರಿತು, ಮತ್ತೆ ಏರಿತು. ಜನ ಹೋ ಎಂದರು. ನಾನು ಹಗ್ಗ ಹಿಡಿದು ನಿಂತು ಅದೊಂದೇ ಬೇಡಿಕೊಂಡೆ, ಡಬ್ಬಿ ನೋಡಲಿ, ಡಬ್ಬಿ ನೋಡಲಿ ಎಂದು.

ಡಬ್ಬಿ ನೋಡಿತು. ಸದ್ದು ಕತ್ತರಿಸಿದ ಹಾಗೆ ನಿಂತಿತು. ಬೈಕು ಮೂಕವಾಗಿ ಉರುಳುತ್ತ ಉರುಳುತ್ತ ದೂರದಲ್ಲಿ ನಿಂತಿತು, ಅವನು ಕಾಲು ನೆಲಕ್ಕೆ ಊರಿದ. ನೆಟ್ಟಗೆ ನಿಂತಿದ್ದ. ಜನ ಸೀಟಿ ಹೊಡೆದರು, ನಕ್ಕರು. ಮೈಕಿನವನೊಬ್ಬ “ಪೆಟ್ರೋಲ್ ಹಾಕೋದ್ ಮರ್ತಾರೇನ್ ಬೀದರ್ ಮಂದಿ?” ಎಂದ. ನಾನು ಅಲ್ಲೇ ಕೆಳಗೆ ಕೂತುಬಿಟ್ಟೆ. ನನ್ನ ಜೀವನದಲ್ಲಿ ಅಷ್ಟು ಸಂತೋಷ ನನಗೆ ಎಂದೂ ಆಗಿರಲಿಲ್ಲ.

ಅದು ಅವನು ಬೈಕು ತಳ್ಳಿಕೊಂಡು ಬರುವವರೆಗೆ ಮಾತ್ರ.

ಮೊದಲು ಸಾವಕಾರರು. “ಹೇಳಿದ್ದಿಲ್ಲೇನ್ ನಾ? ಮಾರಿ ಮ್ಯಾಲ ಮಸಿ ಬಳದ್ಬಿಡ್ತು ನಿನ್ನ ಕರಿ ಇಟ್ಟಂಗಿ. ಕೆಂಪಂದು ಇದ್ದಿದ್ರ ಏನರೆ ಹೆಚ್ಚುಕಮ್ಮಿ ಆದ್ರ ಸ್ಕ್ರೀನಿನ್ಯಾಗ ಮೊದಲೇ ಕಾಣ್ತಿತ್ತು.” ಅದೊಂದು ಮಾತು ಖರೆ ಇತ್ತು, ನುಂಗಿಕೊಂಡೆ. ಆಮೇಲೆ ಸತೀಶ. ಹೆಲ್ಮೆಟ್ಟು ಕಿತ್ತು ನನ್ನ ಕಾಲ ಹತ್ತಿರ ಒಗೆದ. “ಸಮಾಧಾನ ಆಯ್ತೇನು? ನೀ ಬಯಸಿದ್ದು ಇದೇ ಅಲ್ಲೇನು?” ಸುತ್ತ ಜನ ಕೂಡಿದರು, ಮೊಬೈಲು ಮೇಲೆ ಹಿಡಿದರು.

ನಾನು ಬೈಕಿನ ಪಕ್ಕ ಕೂತು ಕೇಬಲ್ಲು ಸಿಕ್ಕಿಸಿದೆ. ಪೆಟ್ರೋಲ್ ಪ್ರೆಶರು ಇರಬೇಕಾದಲ್ಲಿ ಇರಲಿಲ್ಲ. ಬಗ್ಗಿ ರೆಗ್ಯುಲೇಟರು ನೋಡಿದೆ. ಉಗುರುಬಣ್ಣದ ಗೆರೆ ಒಡೆದಿತ್ತು. ಅರ್ಧ ಗೆರೆ ಸ್ಕ್ರೂವಿನ ಮೇಲೆ ಒಂದು ಕಡೆ, ಉಳಿದರ್ಧ ನಟ್ಟಿನ ಮೇಲೆ ಇನ್ನೊಂದು ಕಡೆ.

“ಇದನ್ನ ಯಾರ್ ತಿರುವ್ಯಾರ?”

ಸತೀಶ ನೆಲ ನೋಡಿದ. ಅಷ್ಟರಲ್ಲೇ ನನಗೆ ತಿಳಿಯಿತು. ನಾನು ಬಸ್ಸಿನಲ್ಲಿದ್ದಾಗ ಉಸ್ತಾದರ ಮನಸ್ಸು ನೋಯಬಾರದೆಂದು ಇವನೇ ಗಾಡಿ ಚಾಲೂ ಮಾಡಿಕೊಟ್ಟಿದ್ದಾನೆ. ನಾನು ಉಸ್ತಾದರನ್ನು ನೋಡಿದೆ. ಅವರೊಬ್ಬರು ಒಂದು ಮಾತು ಹೇಳಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಎಲ್ಲ ಗಾಡಿಗಳ ಮುಂದೆ, ಎಲ್ಲ ಮಂದಿಯ ಮುಂದೆ, ನನಗೆ ಮೊದಲ ಸಲ ಸ್ಟೂಲು ಸರಿಸಿದ್ದ ಆ ಮನುಷ್ಯ ಗಂಟಲು ಸರಿಮಾಡಿಕೊಂಡು ಹೇಳಿದರು:

“ಇಂಜಿನ್ ಹದಿನಾರಾಣೆ ಅದ. ಡಬ್ಬಿ ಖರಾಬ್ ಅದ.”

ಆ ಕ್ಷಣಕ್ಕೆ ನನ್ನೊಳಗೆ ಎಂಥ ಸಿಟ್ಟು ಎದ್ದಿತೆಂದು ಬರೆಯಲು ನನಗೆ ಬರುವುದಿಲ್ಲ. ಅಳು ಬರಲಿಲ್ಲ, ಕೂಗು ಬರಲಿಲ್ಲ. ಕೈ ಮಾತ್ರ ತಣ್ಣಗೆ, ಸಾವಕಾಶ ಕೆಲಸ ಮಾಡಿತು. ಒಂದೆರಡು ಕೀಲಿ ಒತ್ತಿದೆ, ಲ್ಯಾಪ್‌ಟಾಪು ಮುಚ್ಚಿದೆ, ಕೇಬಲ್ಲು ಕಿತ್ತೆ.

“ಛಲೋ ಆಯ್ತು” ಎಂದ ನನ್ನ ದನಿ ನನಗೇ ಗುರುತು ಸಿಗಲಿಲ್ಲ. “ಡಬ್ಬಿ ಖರಾಬ್ ಅದ, ಅಲ್ಲರಿ? ಪಹರಾ ತಗದೀನಿ. ಇನ್ನ ಇಂಜಿನ್ ಯಾರೂ ಬಂದ್ ಮಾಡಂಗಿಲ್ಲ. ಇನ್ನೊಂದ್ ಸಲ ಓಡಸ್ಲಿಕ್ಕ ಬಿಡ್ತಾರ, ಹತ್ತ್ರಿ.”

ಸತೀಶ ನನ್ನನ್ನು ನೋಡಿದ. ಉಸ್ತಾದರನ್ನು ನೋಡಿದ. ಮೇಲೆ ಹಿಡಿದ ಮೊಬೈಲುಗಳನ್ನು ನೋಡಿದ. ಒಲ್ಲೆ ಎನ್ನುತ್ತಾನೆಂದು ನಾನು ಕಾದೆ. ಸ್ಕ್ರೂ ತಿರುವಿದ್ದು ಅವನಿಗೆ ಗೊತ್ತಿತ್ತು. ಪೆಟ್ರೋಲು ಸಾಲದಿದ್ದರೆ ಏನಾಗುತ್ತದೆಂದು ಗೊತ್ತಿತ್ತು. ಅಖೀಲನನ್ನು ರಸ್ತೆಯಿಂದ ಎತ್ತಿದ ನಾಲ್ಕು ಕೈಗಳಲ್ಲಿ ಎರಡು ಅವನವೇ. ಅವನು ಬಗ್ಗಿ ಹೆಲ್ಮೆಟ್ಟು ಎತ್ತಿಕೊಂಡ, ತಲೆಗೆ ಹಾಕಿದ, ಗದ್ದದ ಪಟ್ಟಿ ಬಿಗಿದ, ಬೈಕಿನ ಮೇಲೆ ಕೂತ.

ಇಂಜಿನ್ ಎದ್ದಿತು, ಇಂಪಾಗಿ. ಹಾಡುವಷ್ಟು ಇಂಪಾಗಿ. ಅವನು ಓಟ ಹೊರಡುವ ಗೆರೆಯ ಹತ್ತಿರ ಹೋಗಿ ನಿಂತ. ಬಾವುಟದವನು ಕೈ ಎತ್ತಿದ. ನಾನು ಉಸ್ತಾದರ ಮುಖದ ಮೇಲಿಂದ ಕಣ್ಣು ತೆಗೆಯಲಿಲ್ಲ. ಅವರ ಕಿವಿ ಇಂಜಿನ್ನಿನ ಕಡೆಗಿತ್ತು, ತುಟಿ ಅಲುಗುತ್ತಿತ್ತು. ಹೇಳು, ಹೇಳು, ಹೇಳು ಎಂದು ನನ್ನ ತಲೆಯೊಳಗೆ ನಾನು ಅವರಿಗೆ ಏಕವಚನದಲ್ಲಿ ಕಿರುಚುತ್ತಿದ್ದೆ.

ಉಸ್ತಾದರು ಓಡಿದರು. ಒಂದು ಚಪ್ಪಲಿ ಹಿಂದೆಯೇ ಉಳಿಯಿತು. ಮುಂದಿನ ಚಕ್ರವನ್ನು ಕಾಲುಗಳ ನಡುವೆ ಹಿಡಿದು ನಿಂತು ಹ್ಯಾಂಡಲ್ಲನ್ನು ಎರಡೂ ಕೈಯಿಂದ ಅದುಮಿದರು.

“ಇಳಿ! ಬಂದ್ ಮಾಡು, ಇಳಿ ಬೇಟಾ! ನಾ ತಿರುವೀನಿ ಅದು! ಡಬ್ಬಿ ಅಲ್ಲ, ನನ್ನ ಕೈ! ನನ್ನ ಕೈ ಖರಾಬ್ ಅದ!”

ಮೈಕಿನವನು ಆ ಗೆರೆಯ ಪಕ್ಕದಲ್ಲೇ ನಿಂತಿದ್ದ. ಆ ಮಾತು ಆ ರಸ್ತೆಯ ತುದಿಯವರೆಗೂ ಕೇಳಿಸಿತು. ಇಂಜಿನ್ ನಿಂತಿತು. ಯಾರೂ ಸೀಟಿ ಹೊಡೆಯಲಿಲ್ಲ. ಸಾವಕಾರರು ತಮ್ಮ ಟೋಪಿ ತೆಗೆದು ಮತ್ತೆ ಹಾಕಿಕೊಂಡರು. ಉಸ್ತಾದರು ನನ್ನ ಪಕ್ಕದಿಂದಲೇ ಹಾದು ಟೆಂಪೋದ ಕಡೆ ನಡೆದರು. ಅವರು ನನ್ನನ್ನು ನೋಡಲಿಲ್ಲ. ನಾನೂ ನೋಡಲಿಲ್ಲ. ಅವರ ಮೇಲಿನ ಸಿಟ್ಟು ಆ ಒಂದು ಮಾತಿಗೆ ಅಲ್ಲೇ ಅರ್ಧಕ್ಕರ್ಧ ಇಳಿಯಿತು. ಉಳಿದದ್ದು ಅವರ ಗ್ಯಾರೇಜಿಗೆ ಮತ್ತೆ ಹೋಗತೊಡಗಿದ ಮೇಲೆ, ಬರುಬರುತ್ತ ಹೋಯಿತು.

ಗಂಡನ ಮೇಲಿನದು ಹೋಗಲಿಲ್ಲ.

ಅವನು ಟೆಂಪೋ ಬಿಟ್ಟು ನನ್ನ ಜೊತೆ ಬಸ್ಸಿಗೆ ಬಂದ. ಬೀದರ್ ಹತ್ತಿರ ಬಂದಾಗ ಮೆಲ್ಲಗೆ ಕೇಳಿದ.

“ಖರೇನೇ ಪಹರಾ ತಗದಿದ್ದೇನು?”

ನಾನು ಕಿಟಕಿಯ ಹೊರಗೆ ನೋಡಿದೆ. ಈಗಲೂ ಆಗಾಗ ಕೇಳುತ್ತಾನೆ, ಉಣ್ಣುವಾಗ, ಮಲಗುವಾಗ, ಒಮ್ಮೊಮ್ಮೆ ನಗುತ್ತ. ನಾನು ಬಾಯಿಬಿಟ್ಟು ಹೇಳಿಲ್ಲ, ಇಲ್ಲಿ ಓದಿದರೆ ತಿಳಿದುಕೊಳ್ಳಲಿ. ತೆಗೆದಿರಲಿಲ್ಲ. ನಾನು ಒತ್ತಿದ ಕೀಲಿಗಳಿಂದ ಡಬ್ಬಿಯಲ್ಲಿ ಏನೂ ಬದಲಾಗುವುದಿಲ್ಲ. ಅವನು ಹೊರಟಿದ್ದರೆ ಅದು ಮೊದಲು ನಿಲ್ಲಿಸಿದ ಹಾಗೇ ಮತ್ತೆ ನಿಲ್ಲಿಸುತ್ತಿತ್ತು. ಅವನನ್ನು ಸಾಯಲು ಬಿಡುವವಳಲ್ಲ ನಾನು, ಎಷ್ಟೇ ಸಿಟ್ಟು ಬರಲಿ.

ಆದರೆ ಅವನಿಗೆ ಅದು ಗೊತ್ತಿರಲಿಲ್ಲ. ನನ್ನ ಮಾತನ್ನು ನಂಬಿಯೇ, ತನ್ನನ್ನು ಕಾಯುವಂಥದ್ದು ಏನೂ ಉಳಿದಿಲ್ಲ ಎಂದು ನಂಬಿಯೇ, ನನ್ನ ಕಣ್ಣೆದುರಿಗೆ ಹೆಲ್ಮೆಟ್ಟಿನ ಪಟ್ಟಿ ಬಿಗಿದುಕೊಂಡ. ನಾನು ಹೇಳಿದ್ದು ಸುಳ್ಳು. ಅವನು ಹತ್ತಿದ್ದು ಸುಳ್ಳಲ್ಲ.